ಚಿತ್ರದಲ್ಲಿಲ್ಲದ ಹನ್ನೊಂದು ಗಂಟೆ



ಪ್ರವಾಸದ ವಿಷಯ ಮಾತನಾಡುವವರು ಸಾಮಾನ್ಯವಾಗಿ ನೋಡಿ ಬಂದ ಸ್ಥಳದ ಸೊಬಗನ್ನು ವರ್ಣಿಸುತ್ತಾರೆ. ಇಂದಿನ ಮಾತುಕತೆಯಲ್ಲಿ ನಾನು ಹಾಗೆ ಮಾಡುವುದಿಲ್ಲ. ನಿರಾಶೆಯಲ್ಲಿ ಮುಗಿದ ಒಂದು ಪ್ರವಾಸವನ್ನು ನಿಮ್ಮ ಮುಂದಿಡುತ್ತೇನೆ. ಪ್ರಯೋಗಶಾಲೆಯಲ್ಲಿ ಪ್ರಯೋಗ ಕೈಕೊಟ್ಟರೆ ನಮ್ಮ ಮೇಷ್ಟ್ರು ಏನು ಹೇಳುತ್ತಿದ್ದರು? ‘ಫಲಿತಾಂಶ ಬರಲಿಲ್ಲ ಎಂದು ಬರೆದು ಸುಮ್ಮನಾಗಬೇಡಿ, ಏಕೆ ಬರಲಿಲ್ಲ ಎಂದು ಬರೆಯಿರಿ’ ಎನ್ನುತ್ತಿದ್ದರು. ಪ್ರವಾಸಕ್ಕೂ ಈ ಮಾತು ಸಲ್ಲುತ್ತದೆ.

ಕಾವೇರಿ ದಂಡೆಯ ಸತ್ತೇಗಾಲದ ಎಂಟು ಮಂದಿ ಹುಡುಗರು, ಎಲ್ಲರೂ ಪದವಿ ತರಗತಿಯ ಮೊದಲ ವರ್ಷದವರು, ಗೋಕರ್ಣದ ಓಂ ಕಡಲತೀರಕ್ಕೆ ಹೋಗಿ ಒಂದು ರಾತ್ರಿ ತಂಗಿ ಬಂದರು. ಅವರಲ್ಲಿ ಒಬ್ಬ ನನ್ನ ಅಕ್ಕನ ಮಗ. ಕೊಳ್ಳೇಗಾಲದಿಂದ ಮೈಸೂರು, ಅಲ್ಲಿಂದ ರಾತ್ರಿ ಬಸ್ಸು. ಅವರನ್ನು ಹೊರಡಿಸಿದ್ದು ಮೊಬೈಲಿನಲ್ಲಿ ಬಂದ ಒಂದು ಚಿತ್ರ. ಕೆಂಪು ಸೂರ್ಯ, ಹೊನ್ನಿನ ಬಣ್ಣದ ಮರಳು, ಸಾಲಾಗಿ ನಾಲ್ಕು ಟೆಂಟು, ಮುಂದೆ ಒಂದು ಬೆಂಕಿ. ಕೆಳಗೆ ಬರೆದಿತ್ತು: ಒಬ್ಬರಿಗೆ 1,500 ರೂಪಾಯಿ, ಟೆಂಟು, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ.

ಅವರು ಹಿಂದಿರುಗಿದ ಎರಡು ದಿನಕ್ಕೆ ನಾನು ಊರಿಗೆ ಹೋಗಿದ್ದೆ. ಸತ್ತೇಗಾಲ ಹ್ಯಾಂಡ್‌ಪೋಸ್ಟಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿದೆ. ‘ದುಡ್ಡು ದಂಡ ಆಯ್ತು ಮಾವ’ ಎಂದೇ ಆರಂಭಿಸಿದರು. ಅವರು ಹೇಳಿದ್ದರ ಸಾರಾಂಶ ಇದು.

ಸಂಜೆ ಐದೂವರೆಗೆ ತಲುಪಿದಾಗ ಮರಳು ವಿಶಾಲವಾಗಿತ್ತು. ನೀರಿಗೆ ಹತ್ತಿರದಲ್ಲೇ ಇರಲಿ ಎಂದು ಇವರು ಕೇಳಿದರು, ವ್ಯವಸ್ಥೆ ಮಾಡಿದವರು ಅಲ್ಲೇ ಟೆಂಟು ಹೂಡಿಕೊಟ್ಟು ಹೋದರು. ಸೂರ್ಯ ಮುಳುಗುವವರೆಗೆ ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇತ್ತು. ಕತ್ತಲಾದ ಮೇಲೆ ಗಾಳಿ ನಿಂತುಹೋಯಿತು, ನುಸಿಯೂ ಸೊಳ್ಳೆಯೂ ಮುತ್ತಿದವು. ಪಕ್ಕದ ಗುಂಪಿನವರ ಧ್ವನಿವರ್ಧಕ ಹನ್ನೆರಡಾದರೂ ನಿಲ್ಲಲಿಲ್ಲ. ನಕ್ಷತ್ರ ನೋಡಬೇಕೆಂದು ಹೋಗಿದ್ದರು, ಬೆಳದಿಂಗಳಲ್ಲಿ ಹತ್ತಿಪ್ಪತ್ತು ನಕ್ಷತ್ರವೂ ಕಾಣಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಮೊದಲ ಟೆಂಟಿನ ಬಾಗಿಲಿಗೆ ಅಲೆಯ ನೊರೆ ಬಂತು. ಹಾಸಿಗೆ, ಚೀಲ, ಚಪ್ಪಲಿ ಎಲ್ಲವನ್ನೂ ಹೊತ್ತುಕೊಂಡು ಮೇಲಕ್ಕೆ ಓಡಿದರು. ಎರಡು ಜೊತೆ ಚಪ್ಪಲಿ ಸಮುದ್ರದ ಪಾಲಾಯಿತು. ಬೆಳಗಿನ ಜಾವ ಮಳೆಯೇ ಇಲ್ಲದೆ ಟೆಂಟಿನ ಒಳಗೆ ಹನಿ ತೊಟ್ಟಿಕ್ಕಿತು. ಶೌಚಾಲಯಕ್ಕೆ ದುಡ್ಡು, ಸ್ನಾನದ ನೀರಿಗೆ ದುಡ್ಡು. ತಿಂಡಿ ಎಂದರೆ ಎರಡು ಬ್ರೆಡ್ ತುಂಡು, ಒಂದು ಲೋಟ ಚಹಾ.

ಇದರ ಖರ್ಚನ್ನೂ ಬರೆಸಿಕೊಂಡೆ. ಒಬ್ಬನಿಗೆ ಟೆಂಟು ಊಟಕ್ಕೆ 1,500, ಹೋಗಿ ಬರುವ ಬಸ್ಸಿಗೆ 1,450, ಆಟೋಕ್ಕೆ 150, ನೀರು, ಚಹಾ, ಶೌಚಾಲಯಕ್ಕೆ 200, ಹೊಟ್ಟೆ ತುಂಬದೆ ಮತ್ತೆ ತಿಂದದ್ದಕ್ಕೆ 300. ಒಟ್ಟು 3,600 ರೂಪಾಯಿ. ಎಂಟು ಮಂದಿಗೆ 28,800. ಅವರಲ್ಲೊಬ್ಬನ ತಾಯಿ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಬೆರಳು ಸುಟ್ಟುಕೊಂಡು ಅವರು ದುಡಿದ ಹಲವು ದಿನಗಳ ಕೂಲಿ ಒಂದು ರಾತ್ರಿಯಲ್ಲಿ ಹೋಯಿತು. ಆದ್ದರಿಂದ ಇದನ್ನು ‘ಹುಡುಗಾಟ, ಬಿಡಿ’ ಎಂದು ನಕ್ಕು ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ವ್ಯವಸ್ಥೆ ಮಾಡಿದವರ ದೋಷ ಇದ್ದೇ ಇದೆ. ಆದರೆ ಈ ಕಷ್ಟಗಳಲ್ಲಿ ಹೆಚ್ಚಿನವು ಯಾರ ಮೋಸದಿಂದಲೂ ಆದವಲ್ಲ, ಪ್ರಕೃತಿಯ ನಿಯಮಗಳಿಂದ ಆದವು. ಆ ನಿಯಮಗಳು ನಿಮ್ಮ ಪಠ್ಯಪುಸ್ತಕಗಳಲ್ಲೇ ಇವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಉಬ್ಬರ ಮತ್ತು ಇಳಿತ. ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಸಮುದ್ರದ ಮಟ್ಟ ಏರಿಳಿಯುತ್ತದೆ ಎಂದು ಓದಿದ್ದೀರಿ. ನಮ್ಮ ಕರಾವಳಿಯಲ್ಲಿ ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿರುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಉತ್ತರ ಕನ್ನಡದ ಕಡಲಿನಲ್ಲಿ ಹುಣ್ಣಿಮೆಯ ದಿನಗಳ ಏರಿಳಿತ ಸುಮಾರು ಒಂದೂವರೆಯಿಂದ ಎರಡು ಮೀಟರು.

‘ಎರಡು ಮೀಟರು ಏನು ಮಹಾ?’ ಎನ್ನಬಹುದು. ಒಂದು ಲೆಕ್ಕ ಮಾಡಿ. ಮರಳಿನ ಇಳಿಜಾರು ಇಪ್ಪತ್ತಕ್ಕೆ ಒಂದು ಎಂದಿಟ್ಟುಕೊಳ್ಳಿ. ನೀರು ಎರಡು ಮೀಟರು ಮೇಲೇರಿದರೆ ದಂಡೆಯ ಮೇಲೆ ನಲವತ್ತು ಮೀಟರು ಮುಂದೆ ಬರುತ್ತದೆ. ಅಂದರೆ ಒಂದು ಕಬಡ್ಡಿ ಅಂಕಣದ ಉದ್ದದ ಮೂರು ಪಟ್ಟು! ಇವರು ಹೋದದ್ದು ಜನವರಿಯ ಮೊದಲ ಶನಿವಾರ, ಅಂದು ಹುಣ್ಣಿಮೆ. ಹುಣ್ಣಿಮೆಯ ದಿನ ಆ ಕರಾವಳಿಯಲ್ಲಿ ಸಂಜೆಯ ಹೊತ್ತಿಗೆ ಇಳಿತ, ನಡುರಾತ್ರಿಯ ಆಸುಪಾಸಿನಲ್ಲಿ ಉಬ್ಬರ. ಸಂಜೆ ಕಂಡ ವಿಶಾಲ ಮರಳು ಸಮುದ್ರದ್ದೇ ಜಾಗ. ಆರು ಗಂಟೆಯ ಹೊತ್ತು ಅದು ಬಿಟ್ಟುಕೊಟ್ಟಿತ್ತು ಅಷ್ಟೇ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದ್ದರೆ ಎರಡು ಸಂಗತಿ ಒಟ್ಟಿಗೆ ತಿಳಿಯುತ್ತಿತ್ತು: ನೀರು ಹೆಚ್ಚು ಮೇಲೆ ಬರುತ್ತದೆ, ನಕ್ಷತ್ರ ಹೆಚ್ಚು ಕಾಣುವುದಿಲ್ಲ. ದಂಡೆಯ ಮೇಲೂ ಒಂದು ಗುರುತು ಇರುತ್ತದೆ. ಒಣಗಿದ ಪಾಚಿ, ಚಿಪ್ಪು, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಚೂರುಗಳು ಒಂದು ಗೆರೆಯಂತೆ ಬಿದ್ದಿರುತ್ತವೆ. ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಎಂದು ಅರ್ಥ. ಮಲಗುವವರು ಆ ಗೆರೆಗಿಂತ ಸಾಕಷ್ಟು ಮೇಲಿರಬೇಕು.

ಎರಡನೆಯದು ಮಳೆಯಿಲ್ಲದೆ ಬಿದ್ದ ಹನಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಹೆಚ್ಚಾದದ್ದು ಹನಿಯಾಗಲೇಬೇಕು. ಕಡಲತೀರದ ಗಾಳಿಯಲ್ಲಿ ತೇವ ಮೊದಲೇ ಹೆಚ್ಚು. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ಟೆಂಟಿನ ತೆಳು ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದ ನಾಲ್ವರ ಉಸಿರು, ಬೆವರಿನ ಆವಿ ಅದಕ್ಕೆ ತಗಲಿ ನೀರಾಗುತ್ತದೆ. ಒಬ್ಬ ಮನುಷ್ಯ ರಾತ್ರಿಯೊಂದರಲ್ಲಿ ಉಸಿರು ಮತ್ತು ಚರ್ಮದ ಮೂಲಕ ಒಂದು ಲೋಟಕ್ಕೂ ಹೆಚ್ಚು ನೀರು ಬಿಡುತ್ತಾನೆ. ಸೊಳ್ಳೆಗೆ ಹೆದರಿ ಎಲ್ಲ ಕಿಂಡಿಗಳನ್ನೂ ಮುಚ್ಚಿದ್ದರಿಂದ ಆ ನೀರಿಗೆ ಹೊರದಾರಿ ಇರಲಿಲ್ಲ. ಎರಡು ಪದರದ ಟೆಂಟು ಮತ್ತು ಜಾಳಿಗೆಯ ಕಿಂಡಿ ಇದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಅಗ್ಗದ ಟೆಂಟುಗಳಲ್ಲಿ ಉಳಿಸುವುದು ಇದನ್ನೇ.

ಮೂರನೆಯದು ಗಾಳಿ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿನ ಕಡೆಗೆ ತಿರುಗುತ್ತದೆ. ಈ ಎರಡರ ನಡುವೆ, ಸಂಜೆಯ ನಂತರ, ಗಾಳಿ ನಿಂತೇ ಹೋಗುವ ಸಮಯವಿದೆ. ಸೆಕೆ ಕಾಡುವುದೂ ನುಸಿ ಮುತ್ತುವುದೂ ಆಗಲೇ. ಬೀಸುವ ಗಾಳಿಯಲ್ಲಿ ಅಷ್ಟು ಸಣ್ಣ ಕೀಟಗಳಿಗೆ ಹಾರುವುದು ಕಷ್ಟ, ನಿಂತ ಗಾಳಿಯಲ್ಲಿ ಸುಲಭ. ತುಂಬು ತೋಳಿನ ಅಂಗಿ ತೊಟ್ಟು ಆ ಎರಡು ಮೂರು ಗಂಟೆ ಮೇಲಿನ ಬಯಲಿನಲ್ಲಿ ಕಳೆಯುವುದು ಜಾಣತನ.

ನಾಲ್ಕನೆಯದು ಉಪ್ಪು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅವುಗಳಲ್ಲಿ ಮೆಗ್ನೀಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಸಮುದ್ರಸ್ನಾನ ಮಾಡಿದ ಬಟ್ಟೆ ಹಗಲು ಒಣಗಿದಂತೆ ಕಂಡರೂ ರಾತ್ರಿ ಮತ್ತೆ ಅಂಟಂಟಾಗುತ್ತದೆ. ಆ ನೀರಿನಲ್ಲಿ ಮಾಮೂಲು ಸಾಬೂನು ನೊರೆಯೂ ಬರುವುದಿಲ್ಲ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅದನ್ನು ಗಷ್ಟಾಗಿ ಒಡೆಸುತ್ತವೆ. ಮಲಗುವ ಮೊದಲು ಒಂದು ಬಕೆಟ್ ಸಿಹಿನೀರು ಸಿಗುತ್ತದೆಯೇ ಎಂಬ ಪ್ರಶ್ನೆ ಆ ರಾತ್ರಿಯ ನಿದ್ರೆಯನ್ನೇ ನಿರ್ಧರಿಸುತ್ತದೆ.

ಈಗ ಆ ಚಿತ್ರದ ಮಾತಿಗೆ ಬರುತ್ತೇನೆ. ದೃಶ್ಯ ತೆಗೆಯಿಸುವುದೇ ನನ್ನ ವೃತ್ತಿ, ಆದ್ದರಿಂದ ಇದನ್ನು ಹೇಳುವ ಅಧಿಕಾರ ಸ್ವಲ್ಪ ಇದೆ ಎಂದುಕೊಳ್ಳುತ್ತೇನೆ. ಕ್ಯಾಮೆರಾಕ್ಕೆ ಒಂದು ಚೌಕಟ್ಟು ಇರುತ್ತದೆ. ಅದನ್ನು ಎರಡು ಹೆಜ್ಜೆ ಎಡಕ್ಕೆ ತಿರುಗಿಸಿದರೆ ಕಸದ ರಾಶಿ ಹೊರಗುಳಿಯುತ್ತದೆ. ಅಗಲ ಕೋನದ ಮಸೂರ ಹಾಕಿದರೆ ಹತ್ತು ಮಾರು ಮರಳು ಬಯಲಿನಂತೆ ಕಾಣುತ್ತದೆ. ಆ ಹೊನ್ನಿನ ಬೆಳಕು ಇರುವುದು ಸೂರ್ಯಾಸ್ತದ ಹಿಂದು ಮುಂದಿನ ಒಂದು ಗಂಟೆಗಿಂತ ಕಡಿಮೆ ಕಾಲ. ನಾವು ಚಿತ್ರೀಕರಣಕ್ಕೆ ಹೋದಾಗಲೂ ಆ ಒಂದು ಗಂಟೆಗಾಗಿ ದಿನವಿಡೀ ಕಾಯುತ್ತೇವೆ. ಚಿತ್ರ ಸುಳ್ಳು ಹೇಳಿತು ಎನ್ನಲಾರೆ. ಅದು ಒಂದು ಗಂಟೆಯ ಸತ್ಯವನ್ನು ಹೇಳಿತು. ಸಂಜೆ ಆರರಿಂದ ಬೆಳಗಿನ ಆರರವರೆಗೆ ಹನ್ನೆರಡು ಗಂಟೆ. ಉಳಿದ ಹನ್ನೊಂದು ಗಂಟೆ ಅಲ್ಲಿ ಏನಾಗುತ್ತದೆ ಎಂದು ಹೊರಡುವ ಮುನ್ನ ನಾವೇ ಕೇಳಿ ತಿಳಿಯಬೇಕು.

ಈ ಕೇಳುವಿಕೆ ಹಣ ಉಳಿಸುವುದಕ್ಕೆ ಮಾತ್ರವಲ್ಲ, ಪ್ರಾಣ ಉಳಿಸುವುದಕ್ಕೂ ಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕಡಲನ್ನು ನೋಡುವ ಆಸೆಯಿಂದ ಅಷ್ಟು ದೂರ ಬಂದ ಮಕ್ಕಳು ಅವರು.

ಕಡಲಿನ ಸೆಳೆತದ ವಿಷಯ ನೀವೆಲ್ಲರೂ ತಿಳಿದಿರಬೇಕು. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲು ಕೆಲವೆಡೆ ಕಿರಿದಾದ ಕಾಲುವೆಯಂತಹ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ. ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ಕಾಣುತ್ತದೆ, ಈಜು ಬಾರದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ದಂಡೆಯ ಕಡೆಗೆ ನೇರವಾಗಿ ಈಜಿ ಸುಸ್ತಾಗಬಾರದು. ತೇಲಿಕೊಂಡಿದ್ದು ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಕತ್ತಲಾದ ಮೇಲೆ ನೀರಿಗೆ ಇಳಿಯಲೇಬಾರದು.

ರಾತ್ರಿಯ ಕಡಲತೀರಕ್ಕೆ ನಮಗಿಂತ ಮೊದಲಿನ ಹಕ್ಕುದಾರರೂ ಇದ್ದಾರೆ. ಚಳಿಗಾಲದ ತಿಂಗಳುಗಳಲ್ಲಿ ಉತ್ತರ ಕನ್ನಡದ ಕೆಲವು ತೀರಗಳಿಗೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ದೀಪ, ಬೆಂಕಿ, ಗದ್ದಲ ಇದ್ದರೆ ತಾಯಿ ಆಮೆ ಹಿಂದಿರುಗಿಬಿಡಬಹುದು. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಗೆ ಹೊರಡುವ ಸ್ವಭಾವದವು. ಕತ್ತಲಲ್ಲಿ ಕಡಲೇ ಹೆಚ್ಚು ಬೆಳಕಾಗಿ ಕಾಣುವುದರಿಂದ ಅವು ನೀರು ಸೇರುತ್ತವೆ. ದಂಡೆಯ ಮೇಲೆ ದೀಪ ಉರಿಯುತ್ತಿದ್ದರೆ ದಾರಿ ತಪ್ಪುತ್ತವೆ. ಮೀನುಗಾರರ ಮನೆಗಳೂ ಹತ್ತಿರದಲ್ಲೇ ಇರುತ್ತವೆ. ಬೆಳಗಿನ ಜಾವ ದೋಣಿ ಇಳಿಸುವವರು ರಾತ್ರಿ ನಿದ್ರೆ ಮಾಡಬೇಕಲ್ಲವೇ? ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ.

ಹುಡುಗರು ಇದೆಲ್ಲವನ್ನೂ ನನಗೆ ಹೇಳುತ್ತಿದ್ದಾಗ ಅವರಲ್ಲೊಬ್ಬನ ಅಜ್ಜಿ ಅಲ್ಲೇ ಬಸ್ಸಿಗೆ ಕಾಯುತ್ತ ಕುಳಿತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ‘ಅಲ್ಲ ಕನ, ನಮ್ಮೂರ್ ಹೊಳೆಗ ಬಂದೋರು ಬಾಟ್ಲಿ, ಎಲೆ ಬುಟ್ಟೋದಂಗ ನೀವೂವಿ ಬುಟ್ಟು ಬಂದ್ರಾ?’ ಎಂದು ಕೇಳಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟದ ತಟ್ಟೆಗಳನ್ನು ಎಲ್ಲಿಟ್ಟರೆಂದು ಯಾರಿಗೂ ನೆನಪಿರಲಿಲ್ಲ.

ಅಜ್ಜಿಯ ಪ್ರಶ್ನೆಯಲ್ಲಿ ಬಹಳ ಅರ್ಥವಿದೆ. ಸತ್ತೇಗಾಲದವರಿಗೆ ಪ್ರವಾಸಿಗರು ಹೊಸಬರಲ್ಲ. ಹತ್ತಿರದಲ್ಲೇ ಶಿವನಸಮುದ್ರ. ಕಾವೇರಿ ಅಲ್ಲಿ ಎರಡಾಗಿ ಒಡೆದು ಮಂಡ್ಯ ಜಿಲ್ಲೆಯ ಕಡೆ ಗಗನಚುಕ್ಕಿ, ಚಾಮರಾಜನಗರ ಜಿಲ್ಲೆಯ ಕಡೆ ಭರಚುಕ್ಕಿ ಆಗಿ ಧುಮುಕುತ್ತದೆ. ಮಳೆಗಾಲದ ಭಾನುವಾರ ಭರಚುಕ್ಕಿಯ ದಾರಿಯುದ್ದಕ್ಕೂ ವಾಹನಗಳು. ಬಂದವರು ಪಟ ತೆಗೆದುಕೊಳ್ಳುತ್ತಾರೆ, ಊಟ ಮಾಡುತ್ತಾರೆ, ಕಸ ಬಿಟ್ಟು ಹೋಗುತ್ತಾರೆ. ಬೇಸಿಗೆಯಲ್ಲಿ ಬಂದವರು ‘ನೀರೇ ಇಲ್ಲವಲ್ಲ, ಚಿತ್ರದಲ್ಲಿ ಹೀಗಿರಲಿಲ್ಲ’ ಎಂದು ಗೊಣಗುತ್ತಾರೆ. ಊರಿನವರನ್ನು ಒಂದು ಮಾತು ಕೇಳಿದ್ದರೆ ಯಾವ ತಿಂಗಳು ಬರಬೇಕೆಂದು ಹೇಳುತ್ತಿದ್ದರು.

ಇಲ್ಲಿನ ನೀರಿಗೂ ಅದರದೇ ನಿಯಮವಿದೆ. ಮೇಲೆ ಕೃಷ್ಣರಾಜಸಾಗರ, ಕಬಿನಿ ಅಣೆಕಟ್ಟುಗಳಿವೆ. ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆಯಾಗಿ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆಂದು ವಾರ್ತೆಯಲ್ಲಿ ಕೇಳಿದರೆ, ಪ್ರತಿ ಸೆಕೆಂಡಿಗೆ ಎರಡು ಲಕ್ಷ ಎಂಬತ್ತು ಸಾವಿರ ಲೀಟರು ಬರುತ್ತಿದೆ ಎಂದು ತಿಳಿಯಿರಿ. ಶಿವನಸಮುದ್ರದ ಹಳೆಯ ಕಲ್ಲುಕಂಬದ ಸೇತುವೆ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದ್ದು. ಅದರ ಒಂದು ಭಾಗ 2018ರ ಮಳೆಗಾಲದ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅಂತಹ ಹೊಳೆಯ ನಡುವಿನ ಬಂಡೆಯ ಮೇಲೆ ಕುಳಿತು ಊಟ ಮಾಡುವವರನ್ನು ಕಂಡರೆ ಊರಿನವರಿಗೆ ಎದೆ ಝಲ್ಲೆನ್ನುತ್ತದೆ. ಗೋಕರ್ಣದ ಉಬ್ಬರದ ಗೆರೆಯ ಕೆಳಗೆ ಮಲಗಿದ ನಮ್ಮ ಹುಡುಗರನ್ನು ಕಂಡು ಅಲ್ಲಿನ ಮೀನುಗಾರರಿಗೂ ಹೀಗೆಯೇ ಅನ್ನಿಸಿರಬಹುದು. ತಮ್ಮ ಊರಿನ ಹೊಳೆಯ ಬಗ್ಗೆ ಅಷ್ಟು ತಿಳಿದ ಹುಡುಗರು ಬೇರೆಯವರ ಕಡಲಿನ ಬಗ್ಗೆ ಯಾರನ್ನೂ ಕೇಳಲಿಲ್ಲ. ನನಗೆ ಬಹಳ ಯೋಚನೆಗೆ ಹಚ್ಚಿದ್ದು ಇದು.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಪ್ರವಾಸ ಮಾಡಬಾರದೇ? ಖಂಡಿತ ಮಾಡಬೇಕು. ಕೈಯಲ್ಲಿ ಹಣ ಕಡಿಮೆ ಇರುವವರು ಹೊರಡುವ ಮೊದಲು ಹೆಚ್ಚು ವಿಚಾರಿಸಬೇಕು, ಅಷ್ಟೇ. ಹಣವಿದ್ದವರು ರಾತ್ರಿ ಟೆಂಟು ನೆನೆದರೆ ಕೋಣೆ ಹಿಡಿಯುತ್ತಾರೆ. ನಿಮಗೆ ಆ ಅನುಕೂಲವಿಲ್ಲ. ಐದು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಅಂದು ತಿಥಿ ಯಾವುದು, ಉಬ್ಬರ ಎಷ್ಟು ಹೊತ್ತಿಗೆ? ಆ ಜಾಗದಲ್ಲಿ ತಂಗಲು ಅನುಮತಿ ಇದೆಯೇ, ಕೊಡುವವರು ಯಾರು? ಕುಡಿಯುವ ನೀರು, ಸ್ನಾನದ ನೀರು, ಶೌಚಾಲಯ ಎಲ್ಲಿವೆ, ರಾತ್ರಿಯೂ ತೆರೆದಿರುತ್ತವೆಯೇ? ಜೀವರಕ್ಷಕರು ಇದ್ದಾರೆಯೇ, ಹತ್ತಿರದ ಆಸ್ಪತ್ರೆ ಯಾವುದು? ಹೇಳಿದ ದರದಲ್ಲಿ ಏನೇನು ಸೇರಿಲ್ಲ? ಸೇರಿದ್ದನ್ನು ಎಲ್ಲರೂ ಹೇಳುತ್ತಾರೆ, ಸೇರದ್ದನ್ನು ನಾವೇ ಕೇಳಬೇಕು.

ಈ ಪ್ರಶ್ನೆಗಳು ಕೇವಲ ನನ್ನವಲ್ಲ. ಕಡಲತೀರಗಳಿಗೆ ‘ನೀಲಿ ಬಾವುಟ’ ಎಂಬ ಅಂತರರಾಷ್ಟ್ರೀಯ ಮನ್ನಣೆಯಿದೆ. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ, ಕಸದ ವಿಲೇವಾರಿ ಮೊದಲಾದ 33 ಅಂಶಗಳನ್ನು ಪರೀಕ್ಷಿಸಿ ಅದನ್ನು ಕೊಡುತ್ತಾರೆ. 2020ರಲ್ಲಿ ಭಾರತದ ಎಂಟು ತೀರಗಳಿಗೆ ಅದು ಮೊದಲ ಬಾರಿಗೆ ದೊರೆತಾಗ ಅವುಗಳಲ್ಲಿ ಎರಡು ನಮ್ಮವು: ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಆ 33 ಅಂಶಗಳಲ್ಲಿ ಸೂರ್ಯಾಸ್ತದ ಸೊಬಗಿಗೆ ಅಂಕವಿಲ್ಲ ಎಂಬುದನ್ನು ಗಮನಿಸಿ.

ನಮ್ಮ ಎಂಟು ಹುಡುಗರು ಮತ್ತೆ ಹೋಗಬೇಕೆಂದಿದ್ದಾರೆ. ಈ ಸಲ ಅಷ್ಟಮಿಯ ಆಸುಪಾಸಿನ ದಿನ ಹುಡುಕುತ್ತಿದ್ದಾರೆ. ಊರೊಳಗಿನ ಒಂದು ಸಾಧಾರಣ ವಸತಿಯಲ್ಲಿ ಮಲಗಿ, ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರಿನ ಕುಳಿಗಳಲ್ಲಿ ಏಡಿ, ನಕ್ಷತ್ರಮೀನು ನೋಡುವ ಯೋಚನೆ. ಖರ್ಚಿನ ಅಂದಾಜು ಪಟ್ಟಿಯೂ ತಯಾರಾಗಿದೆ. ಅದರ ಕೊನೆಯ ಸಾಲು ಹತ್ತು ರೂಪಾಯಿಯದು, ಕಸ ತುಂಬಿ ತರಲು ಎರಡು ಗೋಣಿಚೀಲಕ್ಕೆ.

ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಹತ್ತಿರ ಜನ ನೋಡಲು ಬರುವ ಕೆರೆ, ಬೆಟ್ಟ, ಜಲಪಾತ, ಕಡಲತೀರ ಯಾವುದಾದರೂ ಇದ್ದೇ ಇರುತ್ತದೆ. ಬಂದವರು ಏನು ಕೇಳದೆ ತೊಂದರೆಪಟ್ಟರು ಎಂದು ಅಲ್ಲಿನ ಅಂಗಡಿಯವರನ್ನು, ದೋಣಿಯವರನ್ನು, ಹಿರಿಯರನ್ನು ವಿಚಾರಿಸಿ ಒಂದು ಪುಟದಲ್ಲಿ ಬರೆದು ನಿಮ್ಮ ಶಾಲೆ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಹಾಕಿ. ಮುಂದೆ ಅಲ್ಲಿಗೆ ಬರುವ ಯಾವುದೋ ಊರಿನ ಎಂಟು ಮಂದಿಗೆ ಅದು ಉಪಯೋಗವಾದೀತು.